ಕಿವಿ ಹಿಂಡೋಕೆ ಬಾರದ ಪೆಟ್ಟಿಗೆ

ನಮ್ಮಪ್ಪ ಹತ್ತಿರ ಹತ್ತಿರ ಒಂದೂವರೆ ವರ್ಷ ಮನೆಯಲ್ಲಿ ಹಾಡು ಕೇಳಲಿಲ್ಲ. ಕೇಳೋಕೆ ಆಗದ ಹಾಗೆ ಮಾಡಿದ್ದು ನಾನು. ಅದೂ ದುಡ್ಡು ಕೊಟ್ಟು, ಗಿಫ್ಟ್ ಪೇಪರ್ ಸುತ್ತಿ, ಕೇಕ್ ಕತ್ತರಿಸಿ, ಫೋಟೋ ತೆಗೆಸಿಕೊಂಡು ಮಾಡಿದೆ.

ಅಪ್ಪನಿಗೆ ಎಪ್ಪತ್ತು ತುಂಬಿದ ದಿನ ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ಒಂದು ಸ್ಮಾರ್ಟ್ ಸ್ಪೀಕರ್ ತಗೊಂಡು ಹೋಗಿದ್ದೆ. ಲೋಟದಷ್ಟು ಗಾತ್ರ, ಮಾತಾಡಿಸಿದರೆ ಮಾತಾಡುತ್ತೆ, ಕೋಟಿಗಟ್ಟಲೆ ಹಾಡು. ಅಪ್ಪನ ಹಳೇ ಟೂ-ಇನ್-ಒನ್‌ನ ಕ್ಯಾಸೆಟ್ ಬಾಗಿಲು ರಬ್ಬರ್ ಬ್ಯಾಂಡಿನ ಮೇಲೆ ನಿಂತಿತ್ತು. ಅದನ್ನು ಅವತ್ತೇ ಗುಜರಿಯವನಿಗೆ ಕೊಟ್ಟೆ. ಅಪ್ಪ ಏನೂ ಅನ್ನಲಿಲ್ಲ. ಗೇಟಿನ ತನಕ ಹೋಗಿ ನೋಡಿಕೊಂಡು ಬಂದರು, ಅಷ್ಟೇ.

ಆಮೇಲೆ ಏನಾಯ್ತು ಅನ್ನೋದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ, ಅದೂ ಅಮ್ಮನ ಬಾಯಲ್ಲಿ. ಆ ಪೆಟ್ಟಿಗೆಗೆ ನನ್ನ ಹಾಡಿನ ಆ್ಯಪಿನ ಅಕೌಂಟ್ ಜೋಡಿಸಿದ್ದೆ. ಒಂದು ಅಕೌಂಟಿನಲ್ಲಿ ಒಂದು ಹೊತ್ತಿಗೆ ಒಂದೇ ಕಡೆ ಹಾಡು. ಅಂದ್ರೆ ನಾನು ಸಂಜೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕ್ಯಾಬಲ್ಲಿ ಕೂತು ಏನಾದ್ರೂ ಹಾಕಿಕೊಂಡರೆ, ಮೈಸೂರಿನಲ್ಲಿ ಅಪ್ಪನ ಹಾಡು ಪಲ್ಲವಿ ಮುಗಿಯುವ ಮೊದಲೇ ನಿಂತುಹೋಗುತ್ತಿತ್ತು. "ಪುಟ್ಟಿ ಆಫೀಸಿಂದ ಹೊರಟಳು ಅನ್ಸುತ್ತೆ" ಅಂತ ಹೇಳಿ ಅಪ್ಪ ಎದ್ದು ಹೋಗುತ್ತಿದ್ದರಂತೆ. ಸ್ವಲ್ಪ ದಿನ ಆದಮೇಲೆ ಅದನ್ನು ಕೇಳೋದನ್ನೇ ಬಿಟ್ಟರು. ನನಗೆ ಒಂದು ಮಾತು ಹೇಳಲಿಲ್ಲ.

ಇದು ಓದಿ "ಫ್ಯಾಮಿಲಿ ಪ್ಲಾನ್ ತಗೋಬೇಕಿತ್ತು" ಅಂತ ಯಾರಾದ್ರೂ ಅಂದುಕೊಂಡಿದ್ದರೆ, ಈ ಲೇಖನ ನಿಮಗಾಗಿಯೇ ಬರೆದಿದ್ದು. ದಯವಿಟ್ಟು ಪೂರ್ತಿ ಓದಿ.

ನನ್ನ ತಕರಾರು ಇಷ್ಟೇ. ನಮ್ಮ ತಲೆಮಾರು ಮನೆಯ ಹಾಡನ್ನು ಮನೆಯಿಂದ ಕಿತ್ತು ಒಬ್ಬರ ಜೇಬಿಗೆ ಹಾಕಿಕೊಂಡುಬಿಟ್ಟಿದೆ. ಹಿಂದೆ ರೇಡಿಯೋ ಕಿವಿ ಹಿಂಡೋಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಅಜ್ಜಿ ಹಿಂಡುತ್ತಿದ್ದಳು, ಆರು ವರ್ಷದ ಹುಡುಗ ಹಿಂಡುತ್ತಿದ್ದ, ಮನೆಗೆ ಬಂದ ನೆಂಟರೂ ಹಿಂಡುತ್ತಿದ್ದರು. ಈಗ ವೈಫೈ ಬೇಕು, ಆ್ಯಪ್ ಬೇಕು, ಲಾಗಿನ್ ಬೇಕು, ಆ ಪೆಟ್ಟಿಗೆಗೆ ಅರ್ಥವಾಗುವ ಉಚ್ಚಾರಣೆ ಬೇಕು. ಇಷ್ಟೆಲ್ಲ ಇರೋ ಒಬ್ಬರು ಮನೆಯಲ್ಲಿ ಇದ್ದರೆ ಹಾಡು ಉಂಟು, ಅವರು ಹೊರಗೆ ಹೋದರೆ ಮನೆ ಮೂಕ. ಇದನ್ನು ನಾವು ಸ್ಮಾರ್ಟ್ ಅಂತ ಕರೀತೀವಿ.

ಇನ್ನೊಂದು ವಿಷಯ ಮೈಸೂರಿಗೇ ಸಂಬಂಧಿಸಿದ್ದು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಊರು ಇದು. ಆಕಾಶವಾಣಿ ಅನ್ನೋ ಹೆಸರು ಬಂದಿದ್ದು ಇಲ್ಲಿಂದ. ಆ ಊರಿನಲ್ಲಿ ಕೂತು ನಮ್ಮಪ್ಪನಿಗೆ 100.6ರಲ್ಲಿ ಬರುವ ಮೈಸೂರು ಆಕಾಶವಾಣಿ ಕೇಳೋಕೆ ಬೆಂಗಳೂರಿನಲ್ಲಿರೋ ಮಗಳ ಪಾಸ್‌ವರ್ಡ್ ಬೇಕಾಗಿತ್ತು. ನಾಚಿಕೆ ಆಗಬೇಕು. ನನಗೆ ಆಯ್ತು.

ಸರಿ, ತಪ್ಪು ತಿದ್ದಿಕೊಳ್ಳೋಣ ಅಂತ ಒಂದು ಶೋರೂಮಿಗೆ ಹೋದೆ. ಬೇಕಿದ್ದದ್ದು ಒಂದು ಸಣ್ಣ ಸ್ಟಿರಿಯೋ: ಎಫ್‌ಎಂ, ಸಿಡಿ, ತಿರುಗಿಸೋಕೆ ಒಂದು ನಾಬ್, ಎರಡು ಬೇರೆಬೇರೆ ಸ್ಪೀಕರ್. ಅಲ್ಲಿನ ಹುಡುಗ ನನ್ನನ್ನು ಕರುಣೆಯಿಂದ ನೋಡಿ, ಬಣ್ಣಬಣ್ಣದ ಲೈಟು ಮಿನುಗುವ ಒಂದು ಗೋಪುರದ ಮುಂದೆ ನಿಲ್ಲಿಸಿದ. ಅದರ ಮೇಲೆ ಸಾವಿರಾರು ವ್ಯಾಟ್ ಪಿಎಂಪಿಒ ಅಂತ ಸ್ಟಿಕರ್. ಎದೆ ನಡುಗೋ ಹಾಗೆ ಒಂದು ಹಾಡು ಹಾಕಿ "ಹೆಂಗೆ ಮೇಡಂ?" ಅಂದ. ದೇವಸ್ಥಾನದ ಜಾತ್ರೆಗಾದ್ರೆ ಚೆನ್ನಾಗಿರುತ್ತೆ ಅಂದೆ.

ಪಿಎಂಪಿಒ ಅನ್ನೋ ಸಂಖ್ಯೆಯನ್ನು ನಂಬಬೇಡಿ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಆ ಯಂತ್ರ ಉಗುಳಬಹುದಾದ ಶಕ್ತಿಯನ್ನು ಹಿಗ್ಗಿಸಿ ಹೇಳೋ ಲೆಕ್ಕ ಅದು. ಅದನ್ನು ಅಳೆಯೋಕೆ ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ. ನೋಡಬೇಕಾದ್ದು ಆರ್‌ಎಂಎಸ್. ಅದು 20 ವ್ಯಾಟ್ ಇದ್ದರೆ ಹತ್ತು-ಹನ್ನೆರಡು ಅಡಿಯ ಕೋಣೆಗೆ ಬೇಕಾದಷ್ಟಾಯ್ತು. ವ್ಯಾಟ್ ಎರಡು ಪಟ್ಟಾದರೆ ಶಬ್ದ ಹೆಚ್ಚೋದು ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದ್ರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ನಾವು ಮನೆಯಲ್ಲಿ ಸಮಾಧಾನವಾಗಿ ಹಾಡು ಕೇಳುವಾಗ ಬಹುಪಾಲು ಹೊತ್ತು ಒಂದೆರಡು ವ್ಯಾಟ್ ಕೂಡ ಖರ್ಚಾಗಿರೋದಿಲ್ಲ.

ಕೊನೆಗೆ ವಿದೇಶಕ್ಕೆ ಹೊರಟಿದ್ದ ಸಹೋದ್ಯೋಗಿಯೊಬ್ಬರ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಸೆಟ್ ಸಿಕ್ಕಿತು. ಶೂ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿದಷ್ಟು ದೊಡ್ಡ ಎರಡು ಸ್ಪೀಕರ್, ನಡುವೆ ನಿಘಂಟಿನ ಗಾತ್ರದ ಒಂದು ಪೆಟ್ಟಿಗೆ. ಬೆಲೆ ನನ್ನ ಫೋನಿನ ಬೆಲೆಯ ಕಾಲು ಭಾಗವೂ ಇಲ್ಲ.

ಮೈಸೂರಿಗೆ ತಂದು ಜೋಡಿಸೋವಾಗ ಆಗಬಹುದಾದ ತಪ್ಪೆಲ್ಲ ಮಾಡಿದೆ. ಮೊದಲು ಎರಡೂ ಸ್ಪೀಕರನ್ನು ಶೋಕೇಸಿನಲ್ಲಿ ಬೊಂಬೆಗಳ ಪಕ್ಕ ಒತ್ತಿ ಇಟ್ಟೆ. ಹಾಡು ಡಬ್ಬದೊಳಗಿಂದ ಬಂದ ಹಾಗಿತ್ತು. ಆಮೇಲೆ ಕೋಣೆಯ ಎರಡು ಮೂಲೆಗೆ ಸೇರಿಸಿದೆ. ತಬಲಾ ಎಲ್ಲ ಗುಂಯ್ ಅಂತ ಒಂದೇ ರಾಗ. ಮೂಲೆಗೆ ಇಟ್ಟರೆ ಎರಡು ಗೋಡೆಯೂ ನೆಲವೂ ಸೇರಿ ಬೇಸ್ ಅನ್ನು ಉಬ್ಬಿಸುತ್ತವೆ. ಅಂಗಡಿಯಲ್ಲಿ ಚೆನ್ನಾಗಿದ್ದದ್ದು ಮನೆಯಲ್ಲಿ ಕೆಟ್ಟದಾಗಿ ಕೇಳೋದಕ್ಕೆ ಬಹುಪಾಲು ಕಾರಣ ಇದೇ, ಯಂತ್ರದ ತಪ್ಪಲ್ಲ.

ಮೂರನೇ ಸಲ ಮೂಲೆ ಬಿಟ್ಟು, ಹಿಂದಿನ ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಎರಡು ಸ್ಟೂಲಿನ ಮೇಲೆ ಇಟ್ಟೆ. ಎರಡರ ನಡುವೆ ಆರು ಅಡಿ. ಅಪ್ಪನ ಬೆತ್ತದ ಕುರ್ಚಿ ಎರಡರಿಂದಲೂ ಆರಾರು ಅಡಿ. ಸಮಬಾಹು ತ್ರಿಭುಜ, ಎಂಟನೇ ಕ್ಲಾಸಿನ ಲೆಕ್ಕ. ಸ್ಪೀಕರಿನ ಮೇಲ್ಗಡೆ ಇರೋ ಸಣ್ಣ ಗುಂಡಗಿನ ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕೆ ಬರಬೇಕು, ಮುಖ ಸ್ವಲ್ಪ ಕುರ್ಚಿಯ ಕಡೆ ತಿರುಗಿರಬೇಕು. ರೆಡ್ ಆಕ್ಸೈಡ್ ನೆಲ ಶಬ್ದವನ್ನು ಕನ್ನಡಿ ಥರ ವಾಪಸ್ ಎಸೀತಿತ್ತು. ಮುಂದೆ ಅಮ್ಮನ ಜಮಖಾನೆ ಹಾಸಿದೆ, ಅದೂ ಸರಿಹೋಯ್ತು.

ಆದರೂ ಏನೋ ಎಡವಟ್ಟು. ಹಾಡುವವರು ಎಲ್ಲಿದ್ದಾರೆ ಅಂತಲೇ ತಿಳೀತಿಲ್ಲ, ಬೇಸ್ ಮಾಯ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಅಪ್ಪ ಹಿಂದೆ ಬಗ್ಗಿ ನೋಡಿ, "ಈ ಕಡೆ ಕೆಂಪು ವೈರನ್ನ ಕಪ್ಪಿಗೆ ಹಾಕಿದೀಯಲ್ಲಮ್ಮ" ಅಂದರು. ನಾನು ಇಂಜಿನಿಯರ್. ಅವರು ರಿಟೈರ್ಡ್ ಕನ್ನಡ ಮೇಷ್ಟ್ರು. ಒಂದು ಸ್ಪೀಕರ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದರೆ ಒಂದರ ಬೇಸನ್ನು ಇನ್ನೊಂದು ತಿಂದುಹಾಕುತ್ತೆ. ಬದಲಾಯಿಸಿದ ತಕ್ಷಣ ಕೋಣೆ ತುಂಬಿತು.

ಸರಿಯಾಗಿ ಕೂತಿದೆಯಾ ಅಂತ ಪರೀಕ್ಷೆ ಮಾಡೋಕೆ ಒಂದು ಉಪಾಯ ಇದೆ. ಅರವತ್ತರ ದಶಕದ ಯಾವುದಾದರೂ ಚಿತ್ರಗೀತೆ ಹಾಕಿ. ಆ ಕಾಲದ ನಮ್ಮ ಹಾಡುಗಳು ಬಹುತೇಕ ಮೋನೋ, ಎರಡೂ ಕಡೆ ಒಂದೇ ಶಬ್ದ. ತ್ರಿಭುಜ ಸರಿ ಇದ್ದರೆ ದನಿ ಎಡಕ್ಕೂ ಇರೋದಿಲ್ಲ, ಬಲಕ್ಕೂ ಇರೋದಿಲ್ಲ. ಸ್ಪೀಕರೇ ಇಲ್ಲದ ನಟ್ಟನಡುವೆ, ಖಾಲಿ ಗೋಡೆಯ ಮುಂದೆ, ಯಾರೋ ನಿಂತು ಹಾಡಿದ ಹಾಗಿರುತ್ತೆ. 1931ರಲ್ಲಿ ಅಲನ್ ಬ್ಲುಮ್ಲೈನ್ ಅನ್ನೋ ಇಂಗ್ಲೆಂಡಿನ ಇಂಜಿನಿಯರ್ ಸ್ಟಿರಿಯೋಗೆ ಪೇಟೆಂಟ್ ಅರ್ಜಿ ಹಾಕಿದ್ದ. ಕಿವಿ ಎರಡಿರೋದು ಅಲಂಕಾರಕ್ಕಲ್ಲ ಅಂತ ಅವನಿಗೆ ಗೊತ್ತಿತ್ತು. ಸ್ಟಿರಿಯೋ ಎಲ್‌ಪಿ ಮಾರುಕಟ್ಟೆಗೆ ಬರೋ ಹೊತ್ತಿಗೆ 1958 ಆಗಿತ್ತು. ಅಷ್ಟು ಕಷ್ಟಪಟ್ಟು ಬಂದ ಎಡ-ಬಲವನ್ನು ನಾವು ಸೋಪಿನ ಡಬ್ಬದಂಥ ಬ್ಲೂಟೂತ್ ಪೆಟ್ಟಿಗೆಯಲ್ಲಿ ಮತ್ತೆ ಒಂದೇ ತೂತಿಗೆ ತುರುಕಿದ್ದೀವಿ.

ಈಗ ಅಸಲಿ ವಿಷಯ. ಅಪ್ಪ ಕುರ್ಚಿಯಲ್ಲಿ ಕೂತರು. ಒಂದು ಹಳೇ ಹಾಡು ಪೂರ್ತಿ ಕೇಳಿದರು. ಮುಗಿದ ಮೇಲೆ, "ಸಾಹಿತ್ಯ ಕೇಳಿಸ್ತಾ ಇದೆ ಕಣೇ" ಅಂದರು.

ನನಗೆ ಅರ್ಥವಾಗಲಿಲ್ಲ. ಆಮೇಲೆ ವಿವರಿಸಿದರು. ಆ ಲೋಟದಂಥ ಡಬ್ಬದಲ್ಲಿ ಅವರಿಗೆ ಹಾಡು ಕೇಳಿಸುತ್ತಿತ್ತು, ಪದ ಕೇಳಿಸುತ್ತಿರಲಿಲ್ಲವಂತೆ. ವಯಸ್ಸಾದಾಗ ಕಿವಿ ಮೊದಲು ಕಳೆದುಕೊಳ್ಳೋದು ಮೇಲಿನ ಸ್ವರಗಳನ್ನು. ಸ, ಶ, ತ, ಕ ಥರದ ವ್ಯಂಜನಗಳ ಅಂಚು ಇರೋದು ಅಲ್ಲೇ. ಅದು ಹೋದರೆ ದನಿ ಇರುತ್ತೆ, ಮಾತು ಇರೋದಿಲ್ಲ. ಸಣ್ಣ ಡಬ್ಬಗಳು ದೊಡ್ಡದಾಗಿ ಕೇಳಿಸಬೇಕು ಅಂತ ಬೇಸನ್ನು ಉಬ್ಬಿಸಿದಾಗ ಉಳಿದ ಅಂಚೂ ಮುಚ್ಚಿಹೋಗುತ್ತೆ. ಜೀವನವಿಡೀ ಮಕ್ಕಳಿಗೆ ಪದ್ಯ ಪಾಠ ಮಾಡಿದ ಮನುಷ್ಯ, ಪದ ಕೇಳಿಸದ ಹಾಡನ್ನು ಮಗಳಿಗೆ ಬೇಜಾರಾಗಬಾರದು ಅಂತ ಕೇಳುತ್ತಿದ್ದರು. ನಾನು ಸೆಟ್ಟಿನ ಟ್ರೆಬಲ್ ನಾಬನ್ನು ಎರಡು ಗೆರೆ ಮೇಲಕ್ಕೆ ಮಾಡಿದೆ. ಅದೊಂದು ನಾಬ್ ಆ ಸ್ಮಾರ್ಟ್ ಪೆಟ್ಟಿಗೆಯಲ್ಲಿ ಇತ್ತಾ? ಇತ್ತು. ನನ್ನ ಫೋನಿನಲ್ಲಿ, ನಾಲ್ಕು ಮೆನು ಒಳಗಡೆ.

ಅಂದಹಾಗೆ, ಮರುವಾರ ಅವರನ್ನು ಕಿವಿ ಪರೀಕ್ಷೆಗೂ ಕರೆದುಕೊಂಡು ಹೋದೆ. ಸ್ಟಿರಿಯೋ ಡಾಕ್ಟರ್ ಅಲ್ಲ. ಆದರೆ ಅದು ಇಲ್ಲದಿದ್ದರೆ ಈ ಮಾತೇ ಹೊರಗೆ ಬರುತ್ತಿರಲಿಲ್ಲ.

ಈಗ ನಿಮ್ಮ ವಾದಗಳು. ಇದನ್ನೆಲ್ಲ ಆಫೀಸಿನ ಊಟದ ಮೇಜಿನಲ್ಲಿ ಕೇಳಿದ್ದೀನಿ.

"ನನ್ನ ಹತ್ರ ಒಳ್ಳೇ ಹೆಡ್‌ಫೋನ್ ಇದೆ." ಇರಲಿ, ಮೆಟ್ರೋದಲ್ಲಿ ಹಾಕ್ಕೊಳ್ಳಿ. ಹೆಡ್‌ಫೋನಿನಲ್ಲಿ ಹಾಡು ತಲೆಯ ಒಳಗಿರುತ್ತೆ, ಕೋಣೆಯಲ್ಲಿ ಇರೋದಿಲ್ಲ. ಪಕ್ಕದಲ್ಲಿ ಕೂತವರಿಗೆ ನಿಮ್ಮ ಬೆನ್ನು ಮಾತ್ರ ಸಿಗುತ್ತೆ.

"ಟೀವಿ ಕೆಳಗೆ ಸೌಂಡ್‌ಬಾರ್ ಇದೆಯಲ್ಲ." ಒಂದು ರೇಡಿಯೋ ಹಾಡು ಕೇಳೋಕೆ ಐವತ್ತೈದು ಇಂಚಿನ ಟೀವಿ ಆನ್ ಮಾಡಿ ಮೂರು ರಿಮೋಟ್ ಹುಡುಕೋ ಮನೆಗಳನ್ನು ನೋಡಿದ್ದೀನಿ. ಎಡ-ಬಲದ ನಡುವೆ ಮೂರು ಅಡಿಯೂ ಇಲ್ಲದ ಕೋಲಿಗೆ ಸ್ಟಿರಿಯೋ ಅನ್ನೋಕೆ ನನಗೆ ಮನಸ್ಸು ಬರೋದಿಲ್ಲ.

"ಫ್ಲಾಟಲ್ಲಿ ಪಕ್ಕದವರು ಬೈತಾರೆ." ನಿಮ್ಮಿಂದ ಆರು ಅಡಿಯಲ್ಲಿ, ನಿಮ್ಮ ಕಿವಿಗೆ ಮುಖ ಮಾಡಿದ ಸ್ಪೀಕರಿಗೆ ಜೋರಾಗಿ ಕೂಗೋ ಅಗತ್ಯ ಇಲ್ಲ. ಪಕ್ಕದವರು ಬೈಯೋದು ಮೂಲೆಯಲ್ಲಿ ಗುದ್ದೋ ಸಬ್‌ವೂಫರಿಗೆ.

"ಒಳ್ಳೇ ಸಿಸ್ಟಮ್ ಅಂದ್ರೆ ಲಕ್ಷಗಟ್ಟಲೆ ಬೇಕು." ಇದನ್ನು ಹೇಳೋದು ಎರಡನೇ ಥರದ ಪೂಜಾರಿಗಳು. ಚಿನ್ನ ಲೇಪಿಸಿದ ವೈರು, ಕರೆಂಟನ್ನು ಶುದ್ಧಿ ಮಾಡೋ ಡಬ್ಬ. ಹತ್ತು ಅಡಿ ದೂರಕ್ಕೆ ಎಸ್‌ಪಿ ರೋಡಿನಲ್ಲಿ ಸಿಗೋ ಮಾಮೂಲಿ ತಾಮ್ರದ ವೈರು ಸಾಕು. ಆ ದುಡ್ಡಲ್ಲಿ ದಪ್ಪ ಕರ್ಟನ್ ತಗೊಳ್ಳಿ, ಅದು ನಿಜವಾಗಿಯೂ ಶಬ್ದ ಬದಲಾಯಿಸುತ್ತೆ.

"ಹಾಗಾದ್ರೆ ಬ್ಲೂಟೂತೇ ಬೇಡ್ವಾ?" ಇರಲಿ. ನಮ್ಮ ಸೆಟ್ಟಿನಲ್ಲೂ ಇದೆ, ನಾನು ಹೋದಾಗ ಬಳಸ್ತೀನಿ. ಅದು ಮನೆಗೆ ಇನ್ನೊಂದು ಬಾಗಿಲಾಗಿರಲಿ. ಅದೊಂದೇ ಬಾಗಿಲಾಗಿ, ಅದರ ಬೀಗದ ಕೈ ಒಬ್ಬರ ಹತ್ತಿರವೇ ಇರಬಾರದು.

ಈಗ ಮೈಸೂರಿನ ಮನೆಯಲ್ಲಿ ಬೆಳಗ್ಗೆ ಅಮ್ಮ ಒಗ್ಗರಣೆ ಕೈಯಲ್ಲೇ ಬಂದು ರೇಡಿಯೋ ಹಾಕ್ತಾಳೆ. ನಾಬಿನ ಮೇಲೆ ಸದಾ ಸ್ವಲ್ಪ ಎಣ್ಣೆ. ಎಫ್‌ಎಂ ಬುಸ್ ಅಂದಾಗ ಮೋನೋ ಬಟನ್ ಒತ್ತಿದರೆ ಸರಿಹೋಗುತ್ತೆ ಅಂತ ಅಪ್ಪನೇ ಕಂಡುಹಿಡಿದು, ನನಗೆ ಫೋನ್ ಮಾಡಿ ಹೇಳಿದರು. ಪಕ್ಕದ ಮನೆ ಮೇಷ್ಟ್ರು ಸಂಜೆ ತಮ್ಮ ಸಿಡಿ ತರ್ತಾರೆ. ನಡುವಿನ ಕುರ್ಚಿ ಯಾರದು ಅಂತ ಇಬ್ಬರಿಗೂ ಸಣ್ಣ ಜಗಳ.

ಇದರಲ್ಲಿ ನನ್ನ ಪಾತ್ರ ಏನೂ ಇಲ್ಲ. ನಾನು ಸಿಲ್ಕ್ ಬೋರ್ಡಿನಲ್ಲಿ ಏನು ಕೇಳಿದರೂ ಅಲ್ಲಿನ ಹಾಡು ನಿಲ್ಲೋದಿಲ್ಲ. ಗಿಫ್ಟ್ ಅಂದ್ರೆ ಹಾಗಿರಬೇಕು, ಕೊಟ್ಟವರ ಕೈ ಬಿಟ್ಟು ಹೋಗಬೇಕು.

ಇವತ್ತು ಸಂಜೆ ಒಂದು ಕೆಲಸ ಮಾಡಿ. ನಿಮ್ಮ ಫೋನನ್ನು ಸ್ವಿಚ್ ಆಫ್ ಮಾಡಿ, ಮನೆಯಲ್ಲಿ ಎಲ್ಲರಿಗಿಂತ ಹಿರಿಯರನ್ನು "ಒಂದು ಹಾಡು ಹಾಕಿ" ಅಂತ ಕೇಳಿ. ಅವರು ಎದ್ದು ಹೋಗಿ ಹಾಕಿದರೆ ನಿಮ್ಮ ಮನೆಯಲ್ಲಿ ಸಂಗೀತ ಇದೆ. ನಿಮ್ಮ ಮುಖ ನೋಡಿದರೆ, ಗುಜರಿಗೆ ಏನೇನು ಹಾಕಿದ್ದೀರಿ ಅಂತ ಒಂದು ಸಲ ನೆನಪು ಮಾಡಿಕೊಳ್ಳಿ.