ಹಿಂದಕ್ಕೆ ಹರಿಯುವ ಕೊಳೆ

ಬೆಂಗಳೂರಿನ ನಮ್ಮ ಬೀದಿಯ ಹೊಸ ಮನೆಯೊಂದಕ್ಕೆ ಈ ವಾರ ಕಾವೇರಿ ಸಂಪರ್ಕ ಬಂತು. ಗೇಟಿನ ಪಕ್ಕದ ಗುಂಡಿಯಲ್ಲಿ ಪ್ಲಂಬರ್ ಮಾಡಿದ ಕೆಲಸ ನೋಡಿ ಮೈ ಉರಿಯಿತು. ಬೋರ್‌ವೆಲ್ ಪೈಪನ್ನೂ ಕಾವೇರಿ ಪೈಪನ್ನೂ ಒಂದೇ ‘ಟೀ’ಗೆ ಸೇರಿಸಿ, ನಡುವೆ ಒಂದು ಗೇಟ್ ವಾಲ್ವ್ ಕೂರಿಸಿದ್ದ. ಕೇಳಿದರೆ, “ಏನೂ ಆಗಲ್ಲ ಸಾರ್, ಬೋರ್ ಆನ್ ಮಾಡೋವಾಗ ಇದನ್ನ ತಿರುಗಿಸಿಬಿಟ್ರೆ ಆಯ್ತು. ಎಲ್ಲಾ ಕಡೆ ಹೀಗೇ ಮಾಡೋದು” ಎಂದ.

ತಿರುಗಿಸಲು ಮರೆತ ದಿನ? ಬೋರ್ ಮೋಟಾರಿನ ಒತ್ತಡದ ಮುಂದೆ ಬೀದಿ ಕೊಳವೆಯ ಒತ್ತಡ ಏನೇನೂ ಅಲ್ಲ. ಬೋರ್ ನೀರು ಸೀದಾ ಹಿಂದಕ್ಕೆ ನುಗ್ಗಿ ಎದುರು ಮನೆಯವರ ನಲ್ಲಿಯಲ್ಲಿ ಇಳಿಯುತ್ತದೆ. ಎಲ್ಲಾ ಕಡೆ ಹೀಗೇ ಎಂಬ ಮಾತು ನಿಜವಿದ್ದರೆ ಅದೇ ಭಯಂಕರ.

ಕೊಳೆ ಒಳನುಗ್ಗಲು ಬೋರ್ ಒಂದೇ ದಾರಿಯಲ್ಲ. ನಲ್ಲಿ ಪೈಪಿಗೇ ಮೋಟಾರ್ ಹಾಕಿ ನೀರೆಳೆಯುವವರ ಮೇಲೆ ಈ ಅಂಕಣದಲ್ಲಿ ಹಿಂದೆಯೂ ಹರಿಹಾಯ್ದಿದ್ದೇನೆ. 2025ರಲ್ಲಿ ಜಲಮಂಡಳಿ 5,000 ರೂಪಾಯಿ ದಂಡ ಎಂದಾಗಲೂ ಜನ ಮಾತಾಡಿದ್ದು ಪಕ್ಕದ ಮನೆಗೆ ನೀರು ಸಿಗುವುದಿಲ್ಲ ಎಂಬ ಬಗ್ಗೆಯೇ. ಕಳ್ಳತನಕ್ಕಿಂತ ಕೆಟ್ಟದ್ದು ನೆಲದಡಿ ನಡೆಯುತ್ತಿರುತ್ತದೆ. ಮೋಟಾರ್ ಎಳೆದಾಗ ಕೊಳವೆಯೊಳಗೆ ಒತ್ತಡ ಕುಸಿಯುತ್ತದೆ. ಆಗ ಜಾಯಿಂಟ್ ಸಡಿಲಾದ ಕಡೆ, ಬಿರುಕು ಬಿಟ್ಟ ಕಡೆ, ಪಕ್ಕದ ಒಳಚರಂಡಿಯಿಂದ ಸೋರಿ ನಿಂತ ಕೊಳಚೆ ಒಳಗೆ ಸೇರುತ್ತದೆ. ಯಾರೋ ಕಾರು ತೊಳೆಯಲು ಬಕೆಟ್ಟಿನಲ್ಲಿ ಮುಳುಗಿಸಿಟ್ಟ ಹೋಸ್ ಪೈಪಿನಿಂದ ಸೋಪಿನ ನೀರೂ ಹೋಗುತ್ತದೆ.

ಹುಬ್ಬಳ್ಳಿ-ಧಾರವಾಡವನ್ನೇ ನೋಡಿ. ಅಲ್ಲಿ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಬರುತ್ತಿತ್ತು, ಉಳಿದ ಕಡೆ ಕೆಲವು ದಿನಕ್ಕೊಮ್ಮೆ. ಎರಡೂ ಕಡೆಯ ನಲ್ಲಿ ನೀರನ್ನು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಸದಾ ನೀರಿದ್ದ ಕಡೆ, ಮಲ ಸೇರಿದ್ದರ ಗುರುತಾದ ಇ-ಕೋಲಿ ಸಿಕ್ಕಿದ್ದು ನೂರರಲ್ಲಿ ಒಂದಕ್ಕಿಂತ ಕಡಿಮೆ ಮಾದರಿಗಳಲ್ಲಿ. ಬಿಟ್ಟು ಬಿಟ್ಟು ನೀರು ಬರುವ ಕಡೆ ಹೆಚ್ಚುಕಡಿಮೆ ಮೂರರಲ್ಲೊಂದರಲ್ಲಿ! ಎರಡೂ ಕಡೆಗೆ ಹೋಗುತ್ತಿದ್ದುದು ಶುದ್ಧೀಕರಿಸಿದ ನೀರೇ. ಒತ್ತಡ ಸತ್ತ ಕೊಳವೆ ಹೇಗಿರುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಇದು ಹೊಸ ಜ್ಞಾನವೂ ಅಲ್ಲ. 1933ರಲ್ಲಿ ಶಿಕಾಗೋದ ಎರಡು ಹೋಟೆಲುಗಳ ಕೆಟ್ಟ ಪ್ಲಂಬಿಂಗಿನಿಂದ ಕೊಳಚೆ ಕುಡಿಯುವ ನೀರಿಗೆ ಬೆರೆತು, ಅಮೀಬಿಕ್ ಭೇದಿಗೆ 98 ಜನ ಸತ್ತರು.

ಉಪಾಯ ಸರಳ. ಕಾವೇರಿ ನೀರು ನೆಲದಡಿಯ ತೊಟ್ಟಿಗೆ, ಅಂದರೆ ಸಂಪಿಗೆ, ಬೀಳುವ ಪೈಪಿನ ಬಾಯಿ ನೀರು ತುಂಬಿದ ಮಟ್ಟಕ್ಕಿಂತ ಮೇಲಿರಬೇಕು. ನಡುವೆ ಗಾಳಿ ಇದ್ದರೆ ನೀರು ವಾಪಸ್ ಹತ್ತಲಾರದು. ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಕೂಡ ಬೇಕು. ಆದರೆ ಅದಕ್ಕೆ ಮರಳು ಸಿಕ್ಕಿಕೊಂಡರೆ ಮುಚ್ಚುವುದಿಲ್ಲ, ಅದನ್ನೇ ನಂಬಿ ಕೂರುವಂತಿಲ್ಲ. ಬೋರ್ ನೀರಿನ ಪೈಪು ಕಾವೇರಿ ಪೈಪನ್ನು ಎಲ್ಲಿಯೂ ಮುಟ್ಟಲೇಬಾರದು.

ಸಂಪರ್ಕ ಕೊಡುವ ಮುನ್ನ ಜಲಮಂಡಳಿಯ ಇಂಜಿನಿಯರ್ ಒಮ್ಮೆ ಸಂಪಿನ ಮುಚ್ಚಳ ಎತ್ತಿ ನೋಡಲಿ. ಮೀಟರ್ ಓದಲು ತಪ್ಪದೆ ಆಳು ಕಳಿಸುವವರಿಗೆ ಇದು ಹೊರೆಯಲ್ಲ. ಇನ್ನು ಮನೆ ಕಟ್ಟಿಸುವವರಿಗೆ ಒಂದು ಮಾತು: ಗ್ರಾನೈಟಿಗೆ ಲಕ್ಷಗಟ್ಟಲೆ ಸುರಿದು, ಒಂದು ಬೇರೆ ಪೈಪಿನ ದುಡ್ಡು ಉಳಿಸಲು ಇಡೀ ಬೀದಿಯ ಕುಡಿಯುವ ನೀರು ಕೆಡಿಸುವುದು ಜಿಪುಣತನವಲ್ಲ, ಅಪರಾಧ.