ನಾಲ್ಕನೆಯ ತರಗತಿ ಎಂಬ ತಿರುವು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಂದೆತಾಯಿಯರಾಗಿದ್ದಾರೆ. ಕೆಲವರು ಅಜ್ಜ ಅಜ್ಜಿಯರೂ ಆಗಿದ್ದಾರೆ. ಅವರಲ್ಲಿ ಹಲವರಿಂದ ನಾನು ಕೇಳುವ ದೂರು ಒಂದೇ ಬಗೆಯದು: "ಮೂರನೆಯ ತರಗತಿಯವರೆಗೆ ಮಗು ಚೆನ್ನಾಗಿತ್ತು ಮೇಷ್ಟ್ರೇ, ನಾಲ್ಕಕ್ಕೆ ಬಂದ ಮೇಲೆ ಹಿಂದೆ ಬಿದ್ದಿದೆ. ಯಾವ ವಿಷಯಕ್ಕೆ ಮನೆಪಾಠ ಹಾಕಿಸೋಣ?" ಈ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರಿಸಲಾಗದು. ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ರಾಜ್ಯದ ಕನ್ನಡ ಶಾಲೆಗಳಲ್ಲಿ ನಾಲ್ಕನೆಯ ತರಗತಿಯ ಮಗುವಿಗೆ ಮುಖ್ಯವಾಗಿ ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಎಂಬ ನಾಲ್ಕು ವಿಷಯಗಳಿವೆ. ಹೊರಗೆ ನೋಡಿದರೆ ನಾಲ್ಕು ಪುಸ್ತಕಗಳು. ಒಳಹೊಕ್ಕು ನೋಡಿದರೆ ಆ ನಾಲ್ಕೂ ಮಗುವಿನಿಂದ ಬೇಡುವುದು ಒಂದೇ ಶಕ್ತಿಯನ್ನು: ಓದಿದ್ದನ್ನು ಗ್ರಹಿಸಿ, ಅದನ್ನು ತನ್ನ ಮಾತಿನಲ್ಲಿ ಹೇಳುವ ಶಕ್ತಿ. ಮೂರನೆಯ ತರಗತಿಯವರೆಗೆ ಮಗು ಓದಲು ಕಲಿಯುತ್ತದೆ. ನಾಲ್ಕರಿಂದ ಮುಂದೆ ಕಲಿಯಲು ಓದಬೇಕಾಗುತ್ತದೆ. ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿಯ ಕಾರ್ಡುಗಳು, ಗುಂಪುಗಳು, ಹಾಡು ಆಟಗಳು ಮೂರನೆಯ ತರಗತಿಗೇ ಮುಗಿಯುತ್ತವೆ. ನಾಲ್ಕರಲ್ಲಿ ಮಗು ಪಠ್ಯಪುಸ್ತಕದೆದುರು ಬಂದು ಕೂರುತ್ತದೆ. ತಿರುವು ಇರುವುದು ಅಲ್ಲಿಯೇ.

ಗಣಿತದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹೆಚ್ಚಿನ ದೂರು ಬರುವುದು ಅದರ ಮೇಲೆ. ಈ ಲೆಕ್ಕವನ್ನು ನೋಡಿ: ರಾಮನ ಬಳಿ 45 ಗೋಲಿಗಳಿವೆ, ಇವು ಸೋಮನ ಬಳಿ ಇರುವುದಕ್ಕಿಂತ 12 ಹೆಚ್ಚು, ಸೋಮನ ಬಳಿ ಎಷ್ಟಿವೆ? "ಹೆಚ್ಚು" ಎಂಬ ಪದವನ್ನು ಕಂಡೊಡನೆ ಮಗು ಕೂಡಿ 57 ಎಂದು ಬರೆಯುತ್ತದೆ. ಸರಿಯಾದ ಉತ್ತರ 33. ಈ ಮಗುವಿಗೆ ಸಂಕಲನವೂ ಬರುತ್ತದೆ, ವ್ಯವಕಲನವೂ ಬರುತ್ತದೆ. ಬಾರದಿರುವುದು ಆ ವಾಕ್ಯ. ಇದಕ್ಕೆ ಇನ್ನೂ ನೂರು ವ್ಯವಕಲನಗಳನ್ನು ಮಾಡಿಸಿದರೆ ಪ್ರಯೋಜನವೇನು?

ಇನ್ನೊಂದು ಉದಾಹರಣೆ. 612ನ್ನು 6ರಿಂದ ಭಾಗಿಸಿದರೆ 102. ಆದರೆ ಹತ್ತರ ಸ್ಥಾನದಲ್ಲಿ ಸೊನ್ನೆ ಬರೆಯಲು ಮರೆತು 12 ಎಂದು ಬರೆಯುವ ಮಕ್ಕಳನ್ನು ನಾನು ಪ್ರತಿ ವರ್ಷವೂ ಕಂಡಿದ್ದೇನೆ. ಅಂಥ ಮಗುವನ್ನು ಗದರದೆ ಹೀಗೆ ಕೇಳಬೇಕು: "600 ರೂಪಾಯಿಯನ್ನು ಆರು ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು?" ನೂರು ಎಂದು ಹೇಳಿದೊಡನೆ ತನ್ನ 12 ಹೇಗೆ ಅಸಾಧ್ಯವೆಂಬುದು ಅದಕ್ಕೇ ಹೊಳೆಯುತ್ತದೆ. ಭಿನ್ನರಾಶಿಯಲ್ಲೂ ಹೀಗೆಯೇ. ನಾಲ್ಕು ಮೂರಕ್ಕಿಂತ ದೊಡ್ಡದು, ಆದ್ದರಿಂದ ಕಾಲು ಭಾಗವು ಮೂರನೆಯ ಒಂದು ಭಾಗಕ್ಕಿಂತ ದೊಡ್ಡದು ಎಂದು ಮಗು ತರ್ಕಿಸುತ್ತದೆ. ಒಂದು ಹೋಳಿಗೆಯನ್ನು ಮೂವರಿಗೂ ಇನ್ನೊಂದನ್ನು ನಾಲ್ವರಿಗೂ ಹಂಚಿ ತೋರಿಸಿದರೆ ವಿವಾದವೇ ಉಳಿಯುವುದಿಲ್ಲ.

ಹಾಗೆಂದು ಬಾಯಿಪಾಠವನ್ನು ನಾನು ಹಳಿಯುವವನಲ್ಲ. ಮಗ್ಗಿ ಬಾಯಿಗೆ ಬಾರದ ಮಗು ಭಾಗಾಕಾರದ ಪ್ರತಿ ಮೆಟ್ಟಿಲಲ್ಲೂ ಎಡವುತ್ತದೆ. ಅದರ ಗಮನವೆಲ್ಲ ಎಣಿಕೆಯಲ್ಲೇ ಕಳೆದುಹೋಗುತ್ತದೆ. ಮಗ್ಗಿ ಬೇಕು. ಆದರೆ ಮಗ್ಗಿ ಊರುಗೋಲು ಮಾತ್ರ, ನಡಿಗೆಯಲ್ಲ.

ಪರಿಸರ ಅಧ್ಯಯನದಲ್ಲಿ ವಿಜ್ಞಾನವೂ ಸಮಾಜವೂ ಇನ್ನೂ ಬೇರೆಯಾಗಿಲ್ಲ. ನೀರು, ಆಹಾರ, ವಸತಿ, ಗಿಡಮರ, ದಿಕ್ಕು, ನಕ್ಷೆ ಎಲ್ಲವೂ ಒಂದೇ ಪುಸ್ತಕದಲ್ಲಿವೆ. ಗೋಡೆಗೆ ತೂಗುಹಾಕಿದ ಭೂಪಟವನ್ನು ನೋಡಿ ಉತ್ತರವೆಂದರೆ ಮೇಲೆ, ದಕ್ಷಿಣವೆಂದರೆ ಕೆಳಗೆ, ನದಿಗಳೆಲ್ಲ ಮೇಲಿನಿಂದ ಕೆಳಕ್ಕೆ ಹರಿಯಬೇಕು ಎಂದು ಮಕ್ಕಳು ಭಾವಿಸುವುದುಂಟು. ಭೂಪಟವನ್ನು ನೆಲದ ಮೇಲೆ ಹಾಸಿ, ಸೂರ್ಯ ಹುಟ್ಟುವ ಕಡೆಗೆ ಅದರ ಪೂರ್ವವನ್ನು ಹೊಂದಿಸಿ ಕೂರಿಸಿದರೆ ಪಾಠ ಅರ್ಧ ಮುಗಿದಂತೆ. ಸಹ್ಯಾದ್ರಿಯ ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ ದೂರದ ಬಂಗಾಳ ಕೊಲ್ಲಿಯನ್ನು ಸೇರುವುದೇಕೆ, ಅದೇ ಸಹ್ಯಾದ್ರಿಯ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊನ್ನಾವರದ ಬಳಿ ಅರಬ್ಬಿ ಸಮುದ್ರವನ್ನು ಸೇರುವುದೇಕೆ ಎಂದು ಆಗ ಮಗುವೇ ಕೇಳುತ್ತದೆ. ನೆಲದ ಇಳಿಜಾರು ಎಂಬ ಉತ್ತರ ಚಿಕ್ಕದು. ಆ ಪ್ರಶ್ನೆ ಹುಟ್ಟುವುದೇ ವಿದ್ಯೆ.

ಇನ್ನು ಭಾಷೆಗಳು. ಕನ್ನಡದಲ್ಲಿ ಒತ್ತಕ್ಷರಗಳನ್ನು ದಾಟಿದ ಮಗು ಈಗ ಪುಟವಿಡೀ ಗದ್ಯ ಓದಬೇಕು, ಪತ್ರ ಬರೆಯಬೇಕು. ಸ್ಪಷ್ಟವಾಗಿ, ಗಟ್ಟಿಯಾಗಿ ಓದುವ ಮಗುವಿಗೆ ಅರ್ಥವೂ ಆಗಿದೆ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಪುಸ್ತಕ ಮುಚ್ಚಿಸಿ "ಈಗ ನೀನೇ ಹೇಳು" ಎಂದಾಗ ನಿಜ ತಿಳಿಯುತ್ತದೆ. ಇಂಗ್ಲಿಷ್ 2007ರಿಂದ ಸರ್ಕಾರಿ ಕನ್ನಡ ಶಾಲೆಗಳ ಒಂದನೆಯ ತರಗತಿಗೇ ಬಂದಿದೆ. ಅದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಎರಡನೆಯ ಭಾಷೆ ನಿಲ್ಲುವುದು ಮೊದಲನೆಯದರ ಹೆಗಲ ಮೇಲೆ.

ಮಾಧ್ಯಮದ ವಿವಾದದಲ್ಲಿಯೂ ಗೆರೆ ಬಿದ್ದದ್ದು ಇದೇ ತರಗತಿಯಲ್ಲಿ ಎಂಬುದನ್ನು ಗಮನಿಸಬೇಕು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲಿಯೇ ಬೋಧನೆ ಎಂದು ಸರ್ಕಾರ 1994ರಲ್ಲಿ ಆದೇಶಿಸಿತು. ಹೀಗೆ ಒತ್ತಾಯಿಸುವ ಅಧಿಕಾರ ಸರ್ಕಾರಕ್ಕಿಲ್ಲವೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ತೀರ್ಪಿತ್ತಿತು. ತೀರ್ಪು ಆಯ್ಕೆಯನ್ನು ಪೋಷಕರ ಕೈಗಿತ್ತಿತು. ಅದರೊಂದಿಗೆ ಹೊಣೆಯೂ ಬಂದಿತು. ಯಾವ ಮಾಧ್ಯಮದಲ್ಲಿ ಓದಿಸಿದರೂ ಸರಿ, ನೀರಿನ ಆವಿ ಮೋಡವಾಗುವ ಬಗೆಯನ್ನು ಮಗು ಮನೆಮಾತಿನಲ್ಲಿ ಅಜ್ಜಿಗೆ ವಿವರಿಸಬಲ್ಲುದೇ? ಬಲ್ಲುದಾದರೆ ಕಲಿತಿದೆ. ಇಲ್ಲವಾದರೆ ನೂರಕ್ಕೆ ತೊಂಬತ್ತು ಅಂಕ ಬಂದಿದ್ದರೂ ಕಲಿತಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ. ಮನೆಪಾಠಕ್ಕೆ ಕಳುಹಿಸುವ ಮೊದಲು ಒಂದು ತಿಂಗಳು ದಿನಕ್ಕೆ ಇಪ್ಪತ್ತು ನಿಮಿಷ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ. ಒಂದು ಪುಟ ಓದಿಸಿ, ಪುಸ್ತಕ ಮುಚ್ಚಿಸಿ, ಹೇಳಿಸಿ. ಲೆಕ್ಕವನ್ನು ಬಿಡಿಸುವ ಮೊದಲು ಅದರ ಕಥೆಯನ್ನು ಹೇಳಿಸಿ. ತಪ್ಪಿದರೆ ಉತ್ತರ ಹೇಳಿಕೊಡಬೇಡಿ, "ಹೇಗೆ ಬಂತು?" ಎಂದು ಕೇಳಿ ಸುಮ್ಮನಿರಿ. ನಾಲ್ಕರಲ್ಲಿ ಎಡವಿದ ಮಗು ಅಳುವುದಿಲ್ಲ, ದೂರುವುದಿಲ್ಲ. ಮೌನವಾಗಿ ಹಿಂದಿನ ಬೆಂಚಿಗೆ ಸರಿಯುತ್ತದೆ. ಏಳನೆಯ ತರಗತಿಯಲ್ಲಿ ಅದನ್ನು ಹುಡುಕಿ ಕರೆತರುವುದು ಬಹಳ ಕಷ್ಟ. ಈಗಲಾದರೆ ಅದು ನಿಮ್ಮ ಕೈಗೆಟುಕುವಷ್ಟೇ ದೂರದಲ್ಲಿದೆ.