ಸಿಂಪ್ಯೂಟರ್ ಮತ್ತು ಎಸ್‌ಟಿಡಿ ಬೂತ್

ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಅಂದ್ರೆ ಎಲ್ಲರೂ ಐಫೋನ್ ಕತೆ ಹೇಳ್ತಾರೆ. ನಮ್ಮ ಬೆಂಗಳೂರಿನದೇ ಸಿಂಪ್ಯೂಟರ್ ಇತ್ತಲ್ಲ, ಅದರಿಂದ ಕಲಿಯೋದು ಇನ್ನೂ ಜಾಸ್ತಿ ಇದೆ ಅನ್ನೋದು ನನ್ನ ವಾದ.

ಐಐಎಸ್‌ಸಿ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ ರೂಪಿಸಿದ ಅಂಗೈಯಗಲದ ಕಂಪ್ಯೂಟರ್ ಅದು. ಲಿನಕ್ಸ್ ಮೇಲೆ ಓಡ್ತಿತ್ತು. 2004ರಲ್ಲಿ ಮಾರುಕಟ್ಟೆಗೆ ಬಂದ 'ಅಮಿಡಾ' ಮಾದರಿಯಲ್ಲಂತೂ ಕೈ ಅಲುಗಿಸಿದರೆ ಪುಟ ತಿರುಗುತ್ತಿತ್ತು, ಐಫೋನ್ ಬರೋದಕ್ಕೆ ಮೂರು ವರ್ಷ ಮೊದಲೇ! ಬೆಲೆ ಮಾತ್ರ ಸುಮಾರು 10,000 ರೂಪಾಯಿಯಿಂದ ಶುರು.

ಹಳ್ಳಿಯ ಬಡವ ಅಷ್ಟು ಕೊಡಲಾರ ಅಂತ ಅವರಿಗೂ ಗೊತ್ತಿತ್ತು. ಅದಕ್ಕೇ ಸ್ಮಾರ್ಟ್ ಕಾರ್ಡ್ ಇಟ್ಟರು. ಊರಿಗೊಂದು ಯಂತ್ರ, ತಲೆಗೊಂದು ಕಾರ್ಡ್. ಎಂಥಾ ಚೆಂದದ ಯೋಚನೆ! ಯಂತ್ರವನ್ನು ಪಂಚಾಯ್ತಿ, ಶಾಲೆ, ಅಂಗಡಿಯವನು, ಯಾರಾದರೂ ಇಟ್ಟುಕೊಳ್ಳಬಹುದು ಅನ್ನೋ ಲೆಕ್ಕಾಚಾರ. ಎಡವಟ್ಟಾಗಿದ್ದು ಈ 'ಯಾರಾದರೂ'ನಲ್ಲೇ ಅನ್ಸುತ್ತೆ. ಇಟ್ಟುಕೊಂಡವನಿಗೆ ಏನು ಗಿಟ್ಟುತ್ತೆ?

ಎಸ್‌ಟಿಡಿ ಬೂತ್ ನೆನಪಿಸಿಕೊಳ್ಳಿ. ಫೋನಿನಲ್ಲಿ ಹೊಸದೇನೂ ಇರಲಿಲ್ಲ. ಆದರೆ ಎದುರಿಗೆ ಮೀಟರ್, ಕೈಗೆ ಚೀಟಿ, ಬೂತ್‌ನವನಿಗೆ ಕಮಿಷನ್. ರಾತ್ರಿ ರೇಟ್ ಇಳಿದ ಮೇಲೆ ಜನ ಸಾಲು ನಿಲ್ತಿದ್ದರು, ಅವನೂ ಆಕಳಿಸುತ್ತಾ ಬಾಗಿಲು ತೆಗೆದೇ ಇರ್ತಿದ್ದ.

ಮೊಬೈಲ್ ಅಗ್ಗವಾಗಿದ್ದೂ ಸಿಂಪ್ಯೂಟರ್‌ಗೆ ಹೊಡೆತ ಕೊಟ್ಟಿರಬಹುದು, ಇಲ್ಲ ಅನ್ನೋಲ್ಲ. ಆದರೆ ಹಾಗೆ ಆಕಳಿಸುತ್ತಾ ಕಾದು ಕೂರೋನೊಬ್ಬ ಅದಕ್ಕೆ ಸಿಗಲೇ ಇಲ್ಲ.